ಬಸ್ಸಿನ ಕೀಲಿ ಯಾರ ಕಡೆ ಇತ್ತು

ದೊಡವಾಡದಿಂದ ಹೊರಟದ್ದು

ನಾನು ತಿರುಗಿ ಬಂದಾಗಿನಿಂದ ನೀವು ಮೂವರು ಮೊಮ್ಮಕ್ಕಳೂ ವಿಮಾನದ ಬಗ್ಗೆಯೇ ಕೇಳುತ್ತಿದ್ದೀರಿ. ವಿಮಾನದ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು, ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಬದಿಗಿದ್ದ ಹೆಣ್ಣುಮಗಳು ಎರಡು ಸಲ ನನ್ನ ಕೈ ಹಿಡಿದು ಸಮಾಧಾನ ಮಾಡಿದಳು. ಅವಳು ಯಾವ ದೇಶದವಳು ಎಂಬುದು ಇಳಿಯುವವರೆಗೂ ನನಗೆ ತಿಳಿಯಲಿಲ್ಲ. ವಿಮಾನವೆಂದರೆ ನನಗೆ ಆ ಕೈ, ಅಷ್ಟೇ.

ಉಳಿದದ್ದನ್ನು ಬಾಯಿಂದ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ಸುತ್ತ ಕೂತರೆ ನನ್ನ ಮಾತು ಗಂಟಲಲ್ಲೇ ನಿಲ್ಲುತ್ತದೆ, ಅದು ನಿಮಗೂ ಗೊತ್ತು. ಊರಿನ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಿಮ್ಮ ಸೌಮ್ಯಾ ಅಕ್ಕ, ಅಂದರೆ ನನ್ನ ಮಗಳ ಮಗಳು, ಅರ್ಮೇನಿಯಾ ದೇಶದಲ್ಲಿ ಡಾಕ್ಟರಿಕೆ ಓದುತ್ತಿದ್ದಾಳಲ್ಲ. ಮೇ ತಿಂಗಳ ಕೊನೆಗೆ ಮೆಟ್ಟಿಲ ಮೇಲೆ ಜಾರಿ ಎಡಗಾಲು ಮುರಿದುಕೊಂಡಳು. ಅವಳ ಅವ್ವ ಕಲಿಸುವ ನೇಸರಗಿಯ ಶಾಲೆ ಆಗಷ್ಟೇ ಶುರುವಾಗಿತ್ತು, ರಜೆ ಸಿಗುವಂತಿರಲಿಲ್ಲ. ನಿಮ್ಮ ಅಪ್ಪನಿಗೆ ಬಿತ್ತನೆ. ಮನೆಯಲ್ಲಿ ಕೈ ಖಾಲಿ ಇದ್ದವಳು ನಾನೊಬ್ಬಳೇ. ನಿಮ್ಮ ಅವ್ವ ಎರಡು ದಿನ ಕೂತು ಜೋಳದ ಖಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ ಗಂಟು ಕಟ್ಟಿಕೊಟ್ಟಳು.

ಆ ದೇಶದ ವಿಮಾನ ನಿಲ್ದಾಣದಲ್ಲಿ ಒಬ್ಬ ಸಾಹೇಬ ಆ ಗಂಟು ಬಿಚ್ಚಿಸಿದ. ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದ. ಬೆರಳಿನಿಂದ ತಟ್ಟಿ ಸಪ್ಪಳ ಕೇಳಿದ. ಮುರಿದು ಮೂಸಿದ. ನಾನು ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದೆ. ಏನು ಕೇಳಿದರೂ ನನಗೆ ಉತ್ತರ ಬರುತ್ತಿರಲಿಲ್ಲ. ಅವನು ಆ ಚೂರನ್ನು ಬಾಯಿಗೆ ಹಾಕಿಕೊಂಡು, ಅಗಿದು, ಪಕ್ಕದವನಿಗೆ ಏನೋ ಹೇಳಿ ನಕ್ಕ. ಮತ್ತೆ ಗಂಟನ್ನು ತಾನೇ ಕಟ್ಟಿದ. ನಾನು ಕಟ್ಟಿದ್ದಕ್ಕಿಂತ ಚೆನ್ನಾಗಿ ಕಟ್ಟಿದ.

ಯೆರೆವಾನ್, ಮೂರನೇ ಮಹಡಿ

ಸೌಮ್ಯಾ ಇರುವ ನಗರದ ಹೆಸರು ಯೆರೆವಾನ್. ಅವಳು ಬಾಡಿಗೆಗಿದ್ದ ಮನೆಯ ಯಜಮಾನಿ ಸಿರಾನುಷ್ ಎಂಬಾಕೆ, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ತಲೆಯಿಂದ ಕಾಲಿನವರೆಗೆ ಕರಿ ಬಟ್ಟೆ. ಅಲ್ಲಿ ಮಗನನ್ನೋ ಗಂಡನನ್ನೋ ಕಳೆದುಕೊಂಡವರು ಹಾಗೆ ಉಡುತ್ತಾರಂತೆ. ನಾನು ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲಿ ನಿಂತಾಗ ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಎರಡೂ ಕೆನ್ನೆಗೆ ಮುತ್ತಿಟ್ಟಳು. ನನಗೆ ಯಾರಾದರೂ ಮುತ್ತಿಟ್ಟು ಎಷ್ಟು ವರ್ಷವಾಗಿತ್ತೋ. ನಾಚಿಕೆಯಿಂದ ಚಪ್ಪಲಿ ಬಿಡುವುದನ್ನೇ ಮರೆತು ಒಳಗೆ ಹೋಗಿಬಿಟ್ಟೆ.

ನನಗೆ ಅವರ ಮಾತು ಬರುವುದಿಲ್ಲ, ಅವರಿಗೆ ನಮ್ಮದು ಬರುವುದಿಲ್ಲ. ಇಲ್ಲಿ ನಾನು ಬರೆಯುವ ಅವರ ಮಾತುಗಳೆಲ್ಲ ಸೌಮ್ಯಾ ನಡುವೆ ಕೂತು ತಿರುಗಿಸಿ ಹೇಳಿದವು. ಅವಳಿಗೆ ಬರುವುದು ನಮ್ಮ ಬೈಲಹೊಂಗಲ ಕಡೆಯ ಕನ್ನಡ. ಹಾಗಾಗಿ ನನ್ನ ನೆನಪಿನಲ್ಲಿ ಆ ದೇಶದವರೆಲ್ಲ ನಮ್ಮ ಹಾಗೆಯೇ ಮಾತಾಡುತ್ತಾರೆ.

ಮೂರು ವಾರ ನಾನು ಅನ್ನ ಸಾರು ಮಾಡಿದೆ, ಸಿರಾನುಷ್ ಹುಡುಗಿಯ ತಲೆ ಬಾಚಿದಳು. ನಾನು ಮಾಂಸ ತಿನ್ನುವುದಿಲ್ಲ ಎಂಬುದು ಆಕೆಗೆ ಕೊನೆಯವರೆಗೂ ನಂಬಿಕೆಯಾಗಲಿಲ್ಲ.

"ಕುರಿ ಬ್ಯಾಡ, ಹೋಗ್ಲಿ. ಕೋಳಿ?"

"ಕೋಳೀನೂ ಒಲ್ಲೆ."

"ಸಣ್ಣ ಕೋಳಿ?"

ಅವರು ಕುಡಿಯುವ ಮಜ್ಜಿಗೆ ಮಾತ್ರ ನಮ್ಮ ಮಜ್ಜಿಗೆಯೇ. ಉಪ್ಪು ತುಸು ಹೆಚ್ಚು.

ಪ್ಲಾಸ್ಟರ್ ಬಿಚ್ಚಿದ ದಿನ ಸಿರಾನುಷ್ ತನ್ನ ಊರಿಗೆ ಕರೆದಳು. ಚಳಿಗಾಲ ನಗರದಲ್ಲಿ, ಬೇಸಿಗೆ ಊರಲ್ಲಿ, ಹೀಗೆ ಆಕೆಯ ಬಾಳು. ಈ ಸಲ ಹೋಗಲು ಇನ್ನೊಂದು ಕಾರಣವೂ ಇತ್ತು. ಮಗಳು ಗಾಯಾನೆ ಅಲ್ಲಿ ಚುನಾವಣೆಗೆ ನಿಂತಿದ್ದಳು. ಏಳೆಂಟು ಹಳ್ಳಿ ಸೇರಿ ನಮ್ಮ ಪಂಚಾಯ್ತಿಯಂಥದ್ದೊಂದು, ಅದರ ಮುಖ್ಯಸ್ಥನ ಜಾಗಕ್ಕೆ.

"ಮಗಳ ಪ್ರಚಾರಕ್ಕ ಹೊಂಟೀರೇನು?" ಎಂದು ಕೇಳಿಸಿದೆ.

"ಇಲ್ಲ. ಆಕಿ ಬಾಯಿ ಮುಚ್ಚಸಾಕ" ಎಂದಳು.

ಟೆಂಪೊದ ದಾರಿ

ಊರು ಗಡಿಯ ಹತ್ತಿರದ ಗುಡ್ಡದಲ್ಲಿದೆ. ಅಲ್ಲಿಗೆ ಹೋಗುವ ಟೆಂಪೊ ನಮ್ಮ ಕಟಕೋಳ ದಾರಿಯ ಟೆಂಪೊದ ಅಣ್ಣನೋ ತಮ್ಮನೋ ಆಗಬೇಕು. ಹದಿನೈದು ಸೀಟಿಗೆ ಇಪ್ಪತ್ತು ಮಂದಿ, ಮೇಲೆ ಮೂಟೆ, ಒಳಗೆ ಒಬ್ಬಳ ತೊಡೆಯ ಮೇಲೆ ಜೇನುಪೆಟ್ಟಿಗೆ. ಜೇನು ಒಳಗಿವೆಯೋ ಇಲ್ಲವೋ ಎಂದು ನಾನು ಇಡೀ ದಾರಿ ಆಲಿಸುತ್ತಿದ್ದೆ. ಡ್ರೈವರ್ ಅವರ ಏಸುವಿನ ಗುಡಿ ಕಂಡಲ್ಲೆಲ್ಲ ಸ್ಟೇರಿಂಗ್ ಬಿಟ್ಟು ಎದೆಗೆ ಕೈ ಮುಟ್ಟಿಸುತ್ತಿದ್ದ. ಆ ದೇಶದಲ್ಲಿ ಗುಡಿಗಳು ಬಹಳ.

ಗುಡ್ಡಗಳು ರಾಮದುರ್ಗದ ಕಡೆಯವುಗಳಂತೆ ಕಲ್ಲು ಕಲ್ಲಾಗಿವೆ, ಆದರೆ ಎತ್ತರ ಅದರ ಹತ್ತರಷ್ಟು, ತುದಿಯಲ್ಲಿ ಜೂನ್ ತಿಂಗಳಲ್ಲೂ ಹಿಮ. ಕಿತ್ತೂರಿನ ಕೋಟೆಯಂಥ ಮುರುಕು ಗೋಡೆ ಎರಡು ಕಡೆ ಕಂಡವು. ಒಂದರ ಮೇಲೆ ಯಾರೋ ಕಂಬಳಿ ಒಣಹಾಕಿದ್ದರು. ನನಗೆ ಅದು ಹಿಡಿಸಿತು.

ಊರು ಬಂದಾಗ ಮೊದಲು ಕಂಡದ್ದು ಶಾಲೆ, ಅದರ ಅಂಗಳದಲ್ಲಿ ದೊಡ್ಡ ಅಕ್ರೋಟಿನ ಮರ. ಮರದ ಕೆಳಗೆ ಹಳದಿ ಬಸ್ಸು. ಸಿರಾನುಷ್ ಆ ಕಡೆ ನೋಡದೆ ಇಳಿದಳು.

ಊಟದ ಮನೆ

ಗಾಯಾನೆ ಅದೇ ಶಾಲೆಯಲ್ಲಿ ಗಣಿತ ಕಲಿಸುವವಳು. ನಲವತ್ತರ ಆಸುಪಾಸು, ಗಂಡಸರಂತೆ ದಾಪುಗಾಲು. ಬಂದ ದಿನವೇ ನಮಗಾಗಿ ಅಕ್ಕಪಕ್ಕದವರನ್ನು ಕರೆದು ಊಟ ಇಟ್ಟಳು.

ಅವರ ಊಟದಲ್ಲಿ ಒಂದು ರೀತಿಯಿದೆ. ಸುಮ್ಮನೆ ಕುಡಿಯುವ ಹಾಗಿಲ್ಲ. ಹಿರಿಯನೊಬ್ಬ ಎದ್ದು ಯಾರಿಗಾದರೂ ಒಳ್ಳೆಯದಾಗಲಿ ಎಂದು ಹರಸಬೇಕು, ಎಲ್ಲರೂ ಗ್ಲಾಸು ಗ್ಲಾಸಿಗೆ ತಾಗಿಸಬೇಕು, ಆಮೇಲೆ ಕುಡಿಯಬೇಕು. ನನ್ನ ಗ್ಲಾಸಿನಲ್ಲಿ ಮಜ್ಜಿಗೆ. ಮೊದಲ ಎರಡು ಸಲ ನಾನು ಹಿಂಜರಿದೆ. ಮೂರನೆಯ ಸಲ ನನ್ನ ಹೆಸರನ್ನೇ ಹೇಳಿ ಹರಸಿದರು, ಎಲ್ಲರೂ ಬಾಗಿ ಬಾಗಿ ನನ್ನ ಗ್ಲಾಸಿಗೆ ತಾಗಿಸಿದರು. ನನಗೆ ಧೈರ್ಯ ಬಂತು. ಇಷ್ಟು ಸಲೀಸಾದ ರೀತಿಯನ್ನು ಕಲಿತೆನಲ್ಲ ಎಂದು ಹಿಗ್ಗಿದೆ.

ನಾಲ್ಕನೆಯ ಸಲ ಎಲ್ಲರೂ ಎದ್ದು ನಿಂತರು. ನಾನೂ ಎದ್ದೆ. ಹಿರಿಯ ಸಣ್ಣ ದನಿಯಲ್ಲಿ ಎರಡು ಮಾತು ಹೇಳಿದ. ಯಾರೂ ಕೈ ಮುಂದೆ ಚಾಚಲಿಲ್ಲ. ಮರೆತಿದ್ದಾರೆ ಎಂದುಕೊಂಡು ನಾನೇ ಮುಂದಾಗಿ ಸಿರಾನುಷಳ ಗ್ಲಾಸಿಗೆ ನನ್ನದನ್ನು ಠಣ್ ಎಂದು ತಾಗಿಸಿದೆ.

ಸೌಮ್ಯಾ ನನ್ನ ರಟ್ಟೆ ಚಿವುಟಿದಳು. "ಆಯಿ, ಇದು ಸತ್ತವರಿಗೆ. ತಾಗಸಬಾರದು!"

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸಿರಾನುಷ್ ನನ್ನ ಮಣಿಕಟ್ಟು ಹಿಡಿದು, ಮಜ್ಜಿಗೆ ತುಳುಕದಂತೆ ಮೆಲ್ಲಗೆ ಕೆಳಗಿಳಿಸಿದಳು. ಆಮೇಲೆ ತಿಳಿದದ್ದು, ಸತ್ತವರ ಪೈಕಿ ಒಬ್ಬ ಆಕೆಯ ಮಗ ಅರಾಮ್.

ಸೌಮ್ಯಾ ಹೇಳಿದ ಕಥೆ ಇಷ್ಟು. ಕೆಲವು ವರ್ಷಗಳ ಹಿಂದೆ ಒಂದು ಬೆಳಗಿನ ಜಾವ ಗಡಿಯಾಚೆಯಿಂದ ಗುಂಡು ಬೀಳತೊಡಗಿದವು. ಊರನ್ನು ಖಾಲಿ ಮಾಡಬೇಕಿತ್ತು. ಶಾಲೆಯ ಬಸ್ಸು ಮರದ ಕೆಳಗೇ ನಿಂತಿತ್ತು, ಕೀಲಿ ಸಿಗಲಿಲ್ಲ. ಜನ ನಡೆದುಕೊಂಡು ಕಣಿವೆ ಇಳಿದರು. ನಡೆಯಲಾಗದ ಮುದುಕರನ್ನು ಅರಾಮ್ ತನ್ನ ಹಳೆಯ ಕಾರಿನಲ್ಲಿ ಎರಡು ಸಲ ಸಾಗಿಸಿದ. ಮೂರನೆಯ ಸಲಕ್ಕೆ ಇನ್ನಿಬ್ಬರು ಹುಡುಗರ ಜೊತೆ ಮೇಲೆ ಹೋದ, ಮೂವರೂ ತಿರುಗಿ ಬರಲಿಲ್ಲ. ಆಗಲೂ ಮುಖ್ಯಸ್ಥನಾಗಿದ್ದವನು ವಾರ್ತಾನ್, ಈಗಲೂ ಅವನೇ. ಗಾಯಾನೆ ನಿಂತದ್ದು ಅವನ ಎದುರಿಗೆ.

ಒಲೆಯ ಸುತ್ತ

ಮರುದಿನ ಬೆಳಿಗ್ಗೆ ಲವಾಷ್ ಎಂಬ ಅವರ ರೊಟ್ಟಿ ಮಾಡುವ ಕೆಲಸ. ಒಲೆ ನೆಲದೊಳಗೆ ಹೂತ, ಕಾಳು ತುಂಬುವ ಹಗೇವಿನ ಹಾಗೆ, ಬಾಯಿ ಮಾತ್ರ ಮೇಲೆ. ಒಬ್ಬಳು ಹಿಟ್ಟು ಲಟ್ಟಿಸುತ್ತಾಳೆ, ಇನ್ನೊಬ್ಬಳು ಅದನ್ನು ಸೀರೆಯ ಸೆರಗಿನಷ್ಟು ತೆಳ್ಳಗೆ ಬೀಸಿ ಬೀಸಿ ದಿಂಬಿನ ಮೇಲೆ ಹರಡುತ್ತಾಳೆ, ಮೂರನೆಯವಳು ಬಗ್ಗಿ ಒಲೆಯ ಗೋಡೆಗೆ ಬಡಿಯುತ್ತಾಳೆ. ಒಣಗಿಸಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ, ನೀರು ಚಿಮುಕಿಸಿದರೆ ಮತ್ತೆ ಮೆತ್ತಗಾಗುತ್ತದೆ. ನಮ್ಮ ಖಡಕ್ ರೊಟ್ಟಿಯನ್ನು ಸಿರಾನುಷ್ ಯಾಕೆ ಮೊದಲ ದಿನವೇ ನೀರು ಚಿಮುಕಿಸಿ ತಿಂದಳು ಎಂದು ಆಗ ಗೊತ್ತಾಯಿತು.

ನನಗೆ ಲಟ್ಟಿಸಲು ಕೊಟ್ಟರು. ಜೀವಮಾನವೆಲ್ಲ ಬಡಿದ ಕೈ, ಲಟ್ಟಣಿಗೆ ಒಲ್ಲೆನೆಂದಿತು. ನಾನು ಮರೆತು ಹಿಟ್ಟನ್ನು ಟಪ ಟಪ ಬಡಿಯಲು ಶುರು ಮಾಡಿದೆ. ಗಾಯಾನೆ ಹೊಟ್ಟೆ ಹಿಡಿದು ನಕ್ಕಳು.

"ಸೌಮ್ಯಾ, ನಿಮ್ಮಜ್ಜಿ ಹಿಟ್ಟಿಗೆ ಯಾಕ ಹೊಡ್ಯಾಕ ಹತ್ಯಾರ? ಅದು ಏನ ತಪ್ಪು ಮಾಡೇತಿ?"

ಕೆಲಸ ಒಂದು ಲಯಕ್ಕೆ ಬಂದಾಗ ತಾಯಿ ಮಗಳ ಜಗಳವೂ ಶುರುವಾಯಿತು. ಶನಿವಾರ ಶಾಲೆಯ ಅಂಗಳದಲ್ಲಿ ಸಭೆ. ವಾರ್ತಾನನೂ ಗಾಯಾನೆಯೂ ಒಂದೇ ಕಟ್ಟೆಯ ಮೇಲೆ ನಿಂತು ಮಾತಾಡಬೇಕು. ಗಾಯಾನೆ ನಗರದಲ್ಲಿ ಮೂವರು ಹುಡುಗರ ಫೋಟೋಗಳನ್ನು ಬಾಗಿಲಿನಷ್ಟು ದೊಡ್ಡದಾಗಿ ಮಾಡಿಸಿ ತಂದಿದ್ದಳು. ಅವು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದವು. ಅವನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಹೆಸರು ಕೂಗಿ, ಇವರ ರಕ್ತ ವಾರ್ತಾನನ ಕೈಗೆ ಅಂಟಿದೆ ಎಂದು ಹೇಳುವುದು ಅವಳ ಯೋಚನೆ.

ಸಿರಾನುಷ್ ಒಲೆಯಿಂದ ತಲೆ ಎತ್ತದೆ ಹೇಳಿದಳು: "ಅವನ ಫೋಟೋ ಅಲ್ಲಿ ನಿಂತ್ರ ನಾ ಬರಂಗಿಲ್ಲ. ಓಟೂ ಹಾಕಂಗಿಲ್ಲ."

"ಮತ್ತ ಹೆಂಗ ಹೇಳ್ಲಿ ಅವ್ವಾ? ಸುಮ್ಮನಿದ್ರ ಮಂದಿ ಮತ್ತ ಅವನ್ನ ಆರಸ್ತಾರ. ನಾಳೆ ಮತ್ತ ಗುಂಡು ಬಿದ್ರ, ಮತ್ತ ಆ ಬಸ್ಸು ಅಲ್ಲೇ ನಿಂದರತೈತಿ. ನಿನಗ ಅದು ನಡೀತೈತೇನು?"

"ನೀ ಮುಖ್ಯಸ್ಥಳಾಗಿದ್ರ ಗುಂಡು ಬರತಿರಲಿಲ್ಲ ಅಂತ ಆ ಭಾಷಣದ ಕಾಗದದಾಗ ಬರದೀಯಲ್ಲ, ಓದೇನಿ. ನೀ ಇದ್ದಿದ್ರ ಏನು, ಗುಂಡು ಬಾಗಲಾ ಬಡದು ಕೇಳಿ ಬರತಿದ್ದುವೇನು?"

"ಹಂಗಂದ್ರ ಅವ ತಪ್ಪು ಮಾಡಿಲ್ಲ?"

"ಮಾಡ್ಯಾನ. ಗುಂಡು ಅವ ಹಾರ್ಸಿಲ್ಲ. ಕೀಲಿ ಅವನ ಕೆಲಸಿತ್ತು."

ಗಾಯಾನೆ ಸಿಟ್ಟಿನಿಂದ ಹಿಟ್ಟನ್ನು ಬೀಸಿದಳು, ಅದು ಹರಿಯಿತು.

ಮಕ್ಕಳೇ, ಆಗ ನಾನು ಮಾತಾಡಿದೆ. ಮಾತಾಡು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಕೈಗೆ ಕೆಲಸವಿತ್ತು, ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ, ಅದಕ್ಕೇ ಬಂತೋ ಏನೋ. ನಿಮ್ಮ ಅಪ್ಪನಿಗೂ ಹೇಳದ ಮಾತು.

ಸೈನ್ಯದಲ್ಲಿದ್ದ ನಿಮ್ಮ ಅಜ್ಜ ಗಡಿಯಲ್ಲಿ ತೀರಿಕೊಂಡಾಗ ನನಗೆ ಇಪ್ಪತ್ತೊಂಬತ್ತು. ನಾಲ್ಕು ತಿಂಗಳಿಗೆ ಚುನಾವಣೆ ಬಂತು. ಹೊಸದಾಗಿ ನಿಂತವನೊಬ್ಬ ಮನೆಗೆ ಬಂದು ಅವರ ಫೋಟೋ ಕೇಳಿದ. ನನ್ನ ಮಾವ ಕೊಟ್ಟುಬಿಟ್ಟರು. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಒಂದು ದಿನ ಬೈಲಹೊಂಗಲಕ್ಕೆ ಹೋದಾಗ ಬಸ್ ಸ್ಟ್ಯಾಂಡಿನ ಗೋಡೆಯ ತುಂಬ ಅವರೇ ಇದ್ದರು. ಸಾಲಾಗಿ ಹತ್ತು ಹನ್ನೆರಡು ಸಲ. ಕೆಳಗೆ ಅವನ ಗುರುತು. ಗಡಿಯಲ್ಲಿ ಹುಡುಗರಿಗೆ ಗಟ್ಟಿ ಬೂಟಿಲ್ಲ, ಹಿಮದಲ್ಲಿ ಸಾಯುತ್ತಿದ್ದಾರೆ, ಆಳುವವರು ಮಲಗಿದ್ದಾರೆ ಎಂದು ಬರೆದಿತ್ತು. ಒಂದು ಆಡು ಮುಂಗಾಲೆತ್ತಿ ನಿಂತು ಅಂಟಿನ ರುಚಿಗೆ ಕಾಗದ ಎಳೆಯುತ್ತಿತ್ತು. ಗದ್ದ ಹೋಗಿತ್ತು, ಮೀಸೆಗೆ ಬಾಯಿ ಹಾಕಿತ್ತು. ನಿಮ್ಮ ಅತ್ತೆ ನನ್ನ ಕೈ ಹಿಡಿದಿದ್ದಳು, ನಾಲ್ಕು ವರ್ಷದವಳು. "ಅವ್ವಾ, ಅಪ್ಪಾ" ಎಂದಳು. ನಾನು ಅವಳ ಮುಖವನ್ನು ಸೆರಗಿನಲ್ಲಿ ಮುಚ್ಚಿ ಬಸ್ ಹತ್ತಿಸಿದೆ.

ಇದನ್ನು ಹೇಳಿ ಮುಗಿಸಿದಾಗ ಸೌಮ್ಯಾ ತಿರುಗಿಸಿ ಹೇಳುವುದನ್ನು ಅರ್ಧಕ್ಕೇ ನಿಲ್ಲಿಸಿದ್ದಳು. ಆ ನಾಲ್ಕು ವರ್ಷದವಳು ಅವಳ ಅವ್ವ.

"ಹೇಳವಾ, ನಿಲ್ಲಬ್ಯಾಡ" ಎಂದೆ. ಅವಳು ಪೂರ್ತಿ ಹೇಳಿದಳು.

ಗಾಯಾನೆ ಕೇಳಿದಳು, "ಬೂಟಿನ ಮಾತು ಖರೇ ಇತ್ತೇನು?"

"ಖರೇ ಇರಬೇಕು. ಅವರೂ ಪತ್ರದಾಗ ಬರದಿದ್ರು, ಕಾಲ ಬೆರಳು ಜೋಮ ಹಿಡಿತಾವ ಅಂತ. ಆದ್ರ ಆ ಮನಷ್ಯಾ ಆರಿಸಿ ಬಂದ ಮ್ಯಾಲ ಒಂದ ದಿನಾನೂ ಬೂಟಿನ ಮಾತು ಎತ್ತಲಿಲ್ಲ. ಫೋಟೋಕ್ಕ ಓಟು ಬಿತ್ತು, ಬೂಟು ಯಾರಿಗೂ ನೆನಪಿರಲಿಲ್ಲ."

ಒಲೆಯ ಕಡೆಯಿಂದ ಸಿರಾನುಷ್ ನನ್ನನ್ನೇ ನೋಡುತ್ತಿದ್ದಳು. ನಾನು ಲಟ್ಟಣಿಗೆಯನ್ನು ನೋಡಿಕೊಂಡು ಇನ್ನೊಂದು ಮಾತು ಹೇಳಿದೆ.

"ನಿನ್ನೆ ನಾ ಗ್ಲಾಸ್ ತಾಗಿಸಿದಾಗ ಎಲ್ಲಾರೂ ನನ್ನ ಕಡೆ ನೋಡಿದ್ರಿ, ಸತ್ತವರ ಹೆಸರಿಗೆ ಸಪ್ಪಳ ಮಾಡಬಾರದು ಅಂತ. ಶನಿವಾರ ನೀ ಅವರ ಹೆಸರು ಹೇಳಿದ್ರ ಮಂದಿ ಚಪ್ಪಾಳಿ ಹೊಡೀತಾರವಾ. ಅದಕ್ಕ ಏನ ಮಾಡ್ತಿ?"

ಗಾಯಾನೆ ಹರಿದ ಹಿಟ್ಟನ್ನು ಮತ್ತೆ ಮುದ್ದೆ ಮಾಡಿ ಪಕ್ಕಕ್ಕಿಟ್ಟಳು. ಆಮೇಲೆ ತುಸು ಒರಟಾಗಿಯೇ, "ನೀವು ನಾಲ್ಕ ದಿನಕ್ಕ ಬಂದವರು. ನಿಮಗ ಹೇಳೂದು ಸಸಾರ" ಎಂದಳು. ಅದೂ ನಿಜವೇ. ನಾನು ತಲೆ ಬಗ್ಗಿಸಿ ಲಟ್ಟಿಸಿದೆ.

ಗುರುವಾರ, ಶುಕ್ರವಾರ

ಎರಡು ದಿನ ಮನೆಯಲ್ಲಿ ಮಾತು ಕಡಿಮೆ. ನಾನು ಸೌಮ್ಯಾಳನ್ನು ಕೋಲು ಹಿಡಿಸಿ ನಡೆದಾಡಿಸಿದೆ. ಜರ್ದಾಳು ಹಣ್ಣಾಗಿದ್ದವು. ನಮ್ಮಲ್ಲಿ ಒಣಗಿದ್ದನ್ನು ಡಬ್ಬಿಯಲ್ಲಿಟ್ಟು ಲೆಕ್ಕ ಮಾಡಿ ಕೊಡುತ್ತೇವಲ್ಲ, ಅಲ್ಲಿ ದಾರಿಯ ಮೇಲೆ ಬಿದ್ದು ಕಾಲಿಗೆ ಮೆತ್ತುತ್ತವೆ. ದಾರಿಯಲ್ಲಿ ವಾರ್ತಾನ್ ಎದುರಾದ. ಬೋಳು ತಲೆಯ ದಪ್ಪ ಮನುಷ್ಯ. ನನ್ನ ಹಣೆಯ ವಿಭೂತಿ ನೋಡಿ ತಲೆಬಾಗಿ, ಸೌಮ್ಯಾಳ ಕಾಲನ್ನು ವಿಚಾರಿಸಿ, ಬುಟ್ಟಿಯಲ್ಲಿದ್ದ ಸೌತೆಕಾಯಿ ಕೊಟ್ಟ. ನಾನು ರಾಕ್ಷಸನನ್ನು ಕಲ್ಪಿಸಿಕೊಂಡಿದ್ದೆ. ಸೌತೆಕಾಯಿ ಬಹಳ ಎಳೆಯದಿತ್ತು. ಮನೆಗೆ ತಂದಾಗ ಯಾರು ಕೊಟ್ಟರೆಂದು ಹೇಳಲಿಲ್ಲ.

ಶುಕ್ರವಾರ ಸಂಜೆ ಗಾಯಾನೆ ಸೌಮ್ಯಾಳ ಮಂಚದ ತುದಿಯಲ್ಲಿ ಬಂದು ಕೂತಳು.

"ಇನ್ನೊಂದ ಐತಿ. ಅವತ್ತ ನಾ ಊರಾಗ ಇರಲಿಲ್ಲ. ಯೆರೆವಾನದ ಮನ್ಯಾಗ ಮಲಗಿದ್ದೆ. ವಾರ್ತಾನನ ಮಂದಿ ಅದನ್ನ ನಾಳೆ ಎತ್ತತಾರ. ನಾ ಫೋಟೋ ತೋರಿಸಿದ್ರ ಅವರ ಬಾಯಿ ಬಂದ್ ಆಗತಿತ್ತು."

ಸೌಮ್ಯಾ ಇದನ್ನು ನನಗೆ ಹೇಳಿ, ನನ್ನ ಉತ್ತರಕ್ಕೆ ಕಾಯಲಿಲ್ಲ. ತಾನೇ ಹೇಳಿದಳು: "ಅಕ್ಕಾ, ಅವರು ಎತ್ತೂಕಿಂತ ಮೊದಲ ನೀವ ಹೇಳ್ರಿ."

ಡಾಕ್ಟರಾಗುವ ಹುಡುಗಿಗೆ ಬುದ್ಧಿಯಿದೆ ಎಂದು ನನಗೆ ಅಂದು ಖಾತ್ರಿಯಾಯಿತು.

ಶನಿವಾರ, ಶಾಲೆಯ ಅಂಗಳ

ಸಿರಾನುಷ್ ಬರಲಿಲ್ಲ. ಫೋಟೋಗಳು ಗೋಡೆಗೆ ಮುಖ ಮಾಡಿ ಹಾಗೆಯೇ ಇದ್ದವು, ಆದರೂ ಆಕೆಗೆ ನಂಬಿಕೆಯಿರಲಿಲ್ಲ. "ಕಟ್ಟಿ ಹತ್ತಿದ ಮ್ಯಾಲ ನಾಲಿಗಿ ಮಾತು ಕೇಳಂಗಿಲ್ಲ" ಎಂದು ಅಂಗಳದ ಹುಲ್ಲು ಕೀಳುತ್ತ ಕೂತಳು. ನಾನೂ ಸೌಮ್ಯಾಳೂ ಹೋದೆವು.

ಮಧ್ಯಾಹ್ನದ ಬಿಸಿಲು. ಜನ ಮನೆಯಿಂದಲೇ ಕುರ್ಚಿ ಹೊತ್ತು ತಂದಿದ್ದರು. ಮುಂದಿನ ಸಾಲಿನಲ್ಲಿ ಕರಿ ಬಟ್ಟೆಯ ಇನ್ನಿಬ್ಬರು ತಾಯಂದಿರು. ಅವರ ಪಕ್ಕ ಒಂದು ಕುರ್ಚಿ ಖಾಲಿ.

ಗಾಯಾನೆಯ ಕೈಯಲ್ಲಿ ಕಾಗದವಿರಲಿಲ್ಲ. ಸೌಮ್ಯಾ ನನ್ನ ಕಿವಿಯಲ್ಲಿ ಹೇಳುತ್ತ ಹೋದಳು.

"ಅವತ್ತ ನಾ ಇಲ್ಲಿ ಇರಲಿಲ್ಲ. ಪ್ಯಾಟ್ಯಾಗ ಮಲಗಿದ್ದೆ. ನೀವೆಲ್ಲಾ ನಡಕೋತ ಇಳದೀರಿ, ನಾ ಇಳದಿಲ್ಲ. ಇದನ್ನ ಯಾರರೆ ಆಮ್ಯಾಲ ಹೇಳತಾರ, ಅದಕ್ಕ ಮೊದಲ ನಾನ ಹೇಳೇನಿ."

ಹಿಂದೆ ಇದನ್ನೇ ಹೇಳಬೇಕೆಂದು ಎದ್ದವನೊಬ್ಬ ಕೂತುಬಿಟ್ಟ.

"ಗುಂಡು ವಾರ್ತಾನ್ ತಂದಿಲ್ಲ. ನಾ ಇದ್ದಿದ್ರೂ ಅವು ಬರತಿದ್ದುವು. ಇಡೀ ಯುದ್ಧದ ಲೆಕ್ಕಾ ನಾ ಅವನ ಹಂತೇಲಿ ಕೇಳಾಕ ಬಂದಿಲ್ಲ. ಒಂದ ಮಾತು ಕೇಳತೇನಿ. ಬಸ್ಸು ಇಲ್ಲಿತ್ತು, ಈ ಮರದ ಬುಡಕ. ಎಣ್ಣಿ ತುಂಬಿತ್ತು. ಊರಾಗ ಬಸ್ಸು ಹೊಡ್ಯಾವರು ನಾಲ್ಕ ಮಂದಿ ಇದ್ರು. ಕೀಲಿ ಯಾರ ಕಡೆ ಇತ್ತು?"

ಆಮೇಲೆ ತಾನು ಬಂದರೆ ಏನು ಮಾಡುವೆನೆಂದು ಹೇಳಿದಳು. ಕೀಲಿ ಮೂರು ಮನೆಯಲ್ಲಿರಬೇಕು. ನಡೆಯಲಾಗದವರು ಯಾರು, ಅವರನ್ನು ಎತ್ತಿಕೊಳ್ಳುವವರು ಯಾರು ಎಂದು ಬರೆದು ಶಾಲೆಯ ಬಾಗಿಲಿಗೆ ಅಂಟಿಸಿರಬೇಕು. ವರ್ಷಕ್ಕೆ ಎರಡು ಸಲ ಇಡೀ ಊರು ಬಸ್ಸು ಹತ್ತಿ ಇಳಿಯುವ ಅಭ್ಯಾಸ ಮಾಡಬೇಕು, ಯಾರಾದರೂ ನಕ್ಕರೆ ನಗಲಿ. ಅಷ್ಟೇ. ಐದು ನಿಮಿಷವೂ ಆಗಿರಲಿಲ್ಲ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅವಳದೇ ಕಡೆಯ ತರುಣನೊಬ್ಬ ತಡೆಯಲಾರದೆ ಕೂಗಿದ: "ತಮ್ಮನ ಹೆಸರು ಹೇಳಾಕ ನಾಚಿಕಿ ಬಂತೇನು ಟೀಚರ್?"

ಗಾಯಾನೆ ಕಟ್ಟೆಯ ಅಂಚಿನವರೆಗೆ ಬಂದಳು. ಈಗ ಹೆಸರು ಹೇಳಿಯೇಬಿಡುತ್ತಾಳೆ ಎಂದುಕೊಂಡೆ.

"ಅವನ ಹೆಸರು ನಮ್ಮವ್ವನ ಹಂತೇಲಿ ಐತಿ. ನನ್ನ ಭಾಷಣದಾಗ ಇಲ್ಲ. ಕುಂಡ್ರು" ಎಂದಳು.

ವಾರ್ತಾನ್ ಎದ್ದ. ಮೊದಲು ದೊಡ್ಡ ದೊಡ್ಡ ಮಾತಾಡಿದ. ದೇಶ, ಸೈನ್ಯ, ಮೇಲಿನವರು. ಹಿಂದಿನಿಂದ ಒಬ್ಬ ಮುದುಕ ಕೋಲನ್ನು ನೆಲಕ್ಕೆ ಕುಟ್ಟಿ, "ಕೀಲಿ!" ಎಂದ. ಇನ್ನಿಬ್ಬರು ಅದನ್ನೇ ಅಂದರು. ವಾರ್ತಾನ್ ನಿಂತ. ಬೋಳು ತಲೆ ಒರೆಸಿಕೊಂಡ. ಇಷ್ಟು ವರ್ಷ ಅವನನ್ನು ಹೇಡಿ ಎಂದು ಬೈದವರು ಬಹಳ ಮಂದಿಯಂತೆ. ಅದಕ್ಕೆ ತಿರುಗಿ ಬೈಯುವುದು ಅವನಿಗೆ ರೂಢಿಯಾಗಿತ್ತು. ಆದರೆ ಎಲ್ಲರ ಎದುರು ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ನನ್ನ ಕಿಸೆದಾಗ ಇತ್ತು" ಎಂದ. "ಮನಿ ಕೀಲಿ ಜೋಡಿ ಒಂದ ಗೊಂಚಲದಾಗ. ಹಿಂದಿನ ದಿನ ಕೆಳಗಿನ ಊರಿಗೆ ಬೀಗರ ಮನಿಗೆ ಹೋಗಿದ್ದೆ. ಬೆಳಿಗ್ಗೆ ಸಪ್ಪಳ ಕೇಳಿ ಎದ್ದಾಗ ಕಿಸೆ ಮುಟ್ಟಿ ನೋಡಿದೆ. ಓಡಿ ಬಂದೆ. ಸೇತುವಿ ಹಂತೇಲಿ ಸೈನ್ಯದವರು ದಾರಿ ಕಟ್ಟಿದ್ರು, ಬಿಡಲಿಲ್ಲ. ಅಲ್ಲೇ ನಿಂತಿದ್ದೆ, ಕೀಲಿ ಕೈಯಾಗ ಹಿಡಕೊಂಡು."

ನಾನು ತಿರುಗಿ ನೋಡಿದರೆ ಗೇಟಿನಲ್ಲಿ ಸಿರಾನುಷ್ ನಿಂತಿದ್ದಳು. ಯಾವಾಗ ಬಂದಳೋ. ಕೈಯ ಮಣ್ಣನ್ನೂ ತೊಳೆದಿರಲಿಲ್ಲ. ಆಕೆ ಯಾರನ್ನೂ ನೋಡದೆ ಎಲ್ಲರ ನಡುವೆ ನಡೆದು ಬಂದು, ಮುಂದಿನ ಸಾಲಿನ ಖಾಲಿ ಕುರ್ಚಿಯಲ್ಲಿ ಕೂತು, ಕಟ್ಟೆಯ ಕಡೆ ಕೈ ಮಾಡಿ ಹೇಳಿದಳು:

"ಇನ್ನ ಮುಂದಿಂದು ಹೇಳ್ರಿ, ಇಬ್ಬರೂ."

ಭಾನುವಾರ

ನಾವು ಹೊರಡುವ ಹಿಂದಿನ ಬೆಳಿಗ್ಗೆ ಸಿರಾನುಷ್ ನನ್ನನ್ನು ಜರ್ದಾಳು ಮರದ ಕೆಳಗೆ ಕೂಡಿಸಿದಳು. ಸೌಮ್ಯಾ ಇನ್ನೂ ಎದ್ದಿರಲಿಲ್ಲ. ನಮ್ಮ ನಡುವೆ ಮಾತು ತಿರುಗಿಸುವವರು ಯಾರೂ ಇಲ್ಲ. ಆಕೆ ಮಗನ ಬಗ್ಗೆ ಹೇಳಿದಳು. ಮರವನ್ನು ತೋರಿಸಿ, ಕಾಯಿ ತಿನ್ನುವವನಂತೆ ಮುಖ ಹುಳ್ಳಗೆ ಮಾಡಿ, ಹೊಟ್ಟೆ ಹಿಡಿದುಕೊಂಡು ಬಗ್ಗಿದಳು. ಹಣ್ಣಾಗುವವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲವೆಂದು ಅರ್ಥವಾಯಿತು. ಕಾರು ಶುರುವಾಗದೆ ಕೆಮ್ಮುವ ಸಪ್ಪಳ ಬಾಯಲ್ಲೇ ಮಾಡಿದಳು. ಅವನು ಅದನ್ನು ಒದೆಯುತ್ತಿದ್ದುದನ್ನು ಎದ್ದು ನಿಂತು ಮಾಡಿ ತೋರಿಸಿದಳು. ಮಾತಿನ ನಡುನಡುವೆ "ಅರಾಮ್, ಅರಾಮ್". ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಷ್ಟು ದಿನದಲ್ಲಿ ಆಕೆಯ ಬಾಯಿಂದ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಮತ್ತೆ ದೊಡವಾಡ

ಗಾಯಾನೆ ಸೋತಳು. ಬಹಳ ಅಂತರವೇನಲ್ಲ. ಸೌಮ್ಯಾ ಫೋನಿನಲ್ಲಿ ಅವಳ ದನಿ ಕೇಳಿಸಿದಳು.

"ಆಯಿ, ನಿಮ್ಮ ಮಾತು ಕೇಳಿ ಸೋತೆ ನೋಡ್ರಿ! ವಾರ್ತಾನ್ ಖರೇ ಹೇಳಿದ ಅಂತ ಅರ್ಧ ಊರು ಅವಗ ಓಟು ಹಾಕೇತಿ."

ಬೈಯುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು. ಫೋಟೋ ನಿಲ್ಲಿಸಿದ್ದರೆ ಗೆಲ್ಲುತ್ತಿದ್ದಳೋ ಏನೋ, ನನಗೆ ತಿಳಿಯದು. ಆ ಭಾರ ನನ್ನ ಮೇಲೆ ಸ್ವಲ್ಪ ಇದೆ. ಆದರೆ ಪಂಚಾಯ್ತಿಯಲ್ಲಿ ಅವಳಿಗೊಂದು ಸದಸ್ಯೆಯ ಜಾಗ ಸಿಕ್ಕಿದೆ. ಮೊದಲ ಸಭೆಯಲ್ಲೇ ಕೀಲಿಯ ಮಾತು ಎತ್ತಿದಳಂತೆ. ಮೂರು ಮನೆಗೆ ಮೂರು ಕೀಲಿ ಆಗಿವೆ. ಒಂದು ಸಿರಾನುಷಳ ಮನೆಯಲ್ಲಿ. ಆಕೆಗೆ ಬಸ್ಸು ಹೊಡೆಯಲು ಬರುವುದಿಲ್ಲವಲ್ಲ ಎಂದು ಕೇಳಿದೆ. "ಹೊಡ್ಯಾವರು ಊರು ಬಿಟ್ಟು ಹೋಗಬಹುದು, ನಾ ಎಲ್ಲಿ ಹೋಗ್ಲಿ" ಎಂದಳಂತೆ.

ಈಗ ನೀವು ಕೇಳುವ ಸರದಿ. ಪಡಸಾಲೆಯ ಗೋಡೆಯ ಮೇಲೆ ಸಮವಸ್ತ್ರದಲ್ಲಿರುವ ನಿಮ್ಮ ಅಜ್ಜನನ್ನು ನೀವು ದಿನಾಲೂ ನೋಡುತ್ತೀರಿ. ಆಗಸ್ಟ್ ಹದಿನೈದಕ್ಕೆ ಶಾಲೆಯವರು ಬಂದು ಹಾರ ಹಾಕುತ್ತಾರೆ, ವೀರ ಎನ್ನುತ್ತಾರೆ. ನಾನು ಅವರ ಬಗ್ಗೆ ನಿಮಗೆ ಏನೂ ಹೇಳಿಲ್ಲ. ಗೋಡೆಗೆ ಬಿಟ್ಟುಕೊಟ್ಟಿದ್ದೆ.

ಅವರಿಗೆ ಈಜು ಬರುತ್ತಿರಲಿಲ್ಲ. ರಜೆಗೆ ಬಂದಾಗ ಒಮ್ಮೆ ಸವದತ್ತಿಗೆ ಹೋಗಿದ್ದೆವು, ಹೊಳೆಗೆ ಇಳಿದೆವು. ಮದುವೆಯಾಗಿ ಆರು ತಿಂಗಳಾಗಿರಲಿಲ್ಲ. ಮೊಣಕಾಲು ನೀರಿನಲ್ಲಿ ನಿಂತು, ಸೈನ್ಯದಲ್ಲಿ ಎಂಥೆಂಥ ಹೊಳೆ ದಾಟಿದ್ದೇವೆ ಎಂದು ನನಗೆ ಹೇಳುತ್ತಿದ್ದರು. ಕಾಲಿಗೆ ಒಂದು ಮೀನು ತಾಗಿರಬೇಕು. "ಯವ್ವಾ!" ಎಂದು ಕೂಗಿ ನನ್ನ ಕೊರಳಿಗೇ ಬಿದ್ದರು. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ನಕ್ಕರು. ನಾಚಿಕೆಯಿಂದ ನಾನು ಮುಳುಗಿಹೋಗಬೇಕಿತ್ತು. ಆದರೆ ಅವರನ್ನು ಎತ್ತಿ ಹಿಡಿದುಕೊಂಡೇ ನಿಂತಿದ್ದೆ. ಮೀನು ಹೋದ ಮೇಲೂ ಅವರು ಇಳಿಯಲಿಲ್ಲ.